ಅಪ್ಪನ ಬಾಯಲ್ಲಿ ಮಾತಿತ್ತು, ರಿಪೋರ್ಟಿನಲ್ಲಿ ಇರ್ಲಿಲ್ಲ: ಎರಡೂ ರಾಜ್ಯದ ಆರೋಗ್ಯ ಸಚಿವರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಗೆ,
ಕೇರಳ ಮತ್ತು ಕರ್ನಾಟಕದ ಮಾನ್ಯ ಆರೋಗ್ಯ ಸಚಿವರು,
ಹಾಗೇ ಸ್ಟ್ರೋಕ್ ಆದವರನ್ನು, ತಲೆಗೆ ಪೆಟ್ಟು ಬಿದ್ದವರನ್ನು ಎಬ್ಬಿಸಿ ನಿಲ್ಲಿಸುವ ಕೆಲಸದಲ್ಲಿರುವ ಡಾಕ್ಟರು, ಥೆರಪಿಸ್ಟು, ಇಂಜಿನಿಯರುಗಳೆಲ್ಲರಿಗೂ

ಮಾನ್ಯರೇ,

ನಮಸ್ಕಾರ. ನಾನು ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಸಣ್ಣ ಪೇಟೆಯಲ್ಲಿ ಝೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡವ. ದಿನಾ ಬೇರೆಯವರ ಅರ್ಜಿ ಟೈಪ್ ಮಾಡಿಯೇ ಹೊಟ್ಟೆ ಹೊರೆಯುವವ, ಇವತ್ತು ನನ್ನದೇ ಒಂದು ಅರ್ಜಿ. ಕನ್ನಡದಲ್ಲಿ ಯಾಕೆ ಬರೆದೆ ಅಂತ ತಿರುವನಂತಪುರದಲ್ಲಿ ಯಾರಾದ್ರೂ ಕೇಳಿದ್ರೆ, ಕಷ್ಟ ಹೇಳ್ಕೊಳ್ಳಲಿಕ್ಕೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದ್ರೂ ಮನವಿ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳ್ತದೆ, ಅದರ ಒಂದು ಪ್ರಿಂಟು ನನ್ನ ಅಂಗಡಿಯ ಗೋಡೆಯಲ್ಲೇ ಉಂಟು. ಬೆಂಗಳೂರಿನವರು ಆ ಪ್ರಶ್ನೆ ಕೇಳ್ಲಿಕ್ಕಿಲ್ಲ. ಅವರು ಕಾಸರಗೋಡಲ್ಲಿ ಇನ್ನೂ ಕನ್ನಡ ಉಂಟಾ ಅಂತ ಕೇಳ್ತಾರೆ, ಅದು ಬೇರೆ ವಿಷಯ.

ವಿಷಯ ನನ್ನ ಅಪ್ಪನದ್ದು. ಎರಡು ವರ್ಷ ಹಿಂದೆ ಮಳೆಗಾಲದ ಆಟಿ ತಿಂಗಳಲ್ಲಿ, ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಹಾಲಿನ ಚೆಂಬು ಹಿಡ್ಕೊಂಡು ಬರುವಾಗ ಚೆಂಬು ಬಲಗೈಯಿಂದ ಜಾರಿತು, ಅಮ್ಮ ಎಂತಾಯ್ತು ಅಂತ ಕೇಳಿದ್ರೆ ಬಾಯಿ ಒಂದು ಬದಿಗೆ ಎಳೆದಿತ್ತು. ಆಂಬುಲೆನ್ಸ್ ಸಿಕ್ಕಿ, ಮಳೆಯಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮಂಗಳೂರಿಗೆ ಕೊಂಡುಹೋಗಿ ಅಂತ ಹೇಳಿಸಿಕೊಂಡು, ಗಡಿ ದಾಟಿ ಮುಟ್ಟುವಾಗ ಐದು ಗಂಟೆ ಕಳೆದಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಆ ಅರ್ಧ ಗಂಟೆಯ ಬಗ್ಗೆ ನಾನು ಇಲ್ಲಿ ಬರೆಯುದಿಲ್ಲ, ಅದರ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ, 2020ರ ಮಾರ್ಚಲ್ಲಿ ಕೊರೊನಾ ಅಂತ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಇಡೀ ದೇಶವೇ ಅದನ್ನು ನೋಡಿದೆ. ನನಗೆ ಹೇಳ್ಲಿಕ್ಕಿರುದು ಜೀವ ಉಳಿದ ಮೇಲಿನ ಕತೆ. ಅದನ್ನು ಯಾರೂ ಕೇಳುದಿಲ್ಲ, ಯಾಕೆಂದ್ರೆ ಡಿಸ್ಚಾರ್ಜ್ ಆಯ್ತು ಅಂದ್ರೆ ಎಲ್ಲರ ಪಾಲಿಗೂ ಕೇಸು ಮುಗಿದ ಹಾಗೆ.

ಎಡಬದಿಯ ಮೆದುಳಿಗೆ ಆದ ಸ್ಟ್ರೋಕ್. ಬಲಗೈ ಬಲಕಾಲು ಹೋಯ್ತು, ಜೊತೆಗೆ ಮಾತೂ ಹೋಯ್ತು. ಇದಕ್ಕೆ ಅಫೇಸಿಯಾ ಅಂತ ಹೆಸರು. ನಾಲಿಗೆ ಸರಿ ಉಂಟು, ಬುದ್ಧಿಯೂ ಸರಿ ಉಂಟು, ಶಬ್ದ ಇರುವ ಕಪಾಟಿನ ಬೀಗದಕೈ ಮಾತ್ರ ಕಳೆದುಹೋಗಿದೆ, ನಾನು ನೆಂಟರಿಗೆ ಹೀಗೆ ಹೇಳುದು. ನಮ್ಮ ಮನೆಯ ಭಾಷೆಗಳ ಕತೆ ಕೇಳಿ, ಈ ಜಿಲ್ಲೆಯ ಎಲ್ಲ ಮನೆಯಲ್ಲೂ ಹೆಚ್ಚುಕಮ್ಮಿ ಇದೇ: ಅಪ್ಪ ಲೆಕ್ಕ ಮಾಡುದು, ಪೇಪರ್ ಓದುದು, ದೇವರಿಗೆ ಕೈಮುಗಿಯುದು ಕನ್ನಡದಲ್ಲಿ, ತೋಟದ ಕೆಲಸದವರ ಹತ್ರ ಮತ್ತು ಸಿಟ್ಟು ಬಂದಾಗ ತುಳು, ಮಲಯಾಳ ಏನಿದ್ರೂ ಬಸ್ಸಿಗೆ, ಪಂಚಾಯತಿಗೆ. ಆದ್ರೆ ಗಡಿಯ ಈಚೆ ಬಂದ ಮೇಲೆ ನಾವು ಸೇರಿಸಿದ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದ ಸ್ಪೀಚ್ ಥೆರಪಿ ಮಲಯಾಳದಲ್ಲಿ.

ಥೆರಪಿಸ್ಟ್ ತೆಂಕು ಕಡೆಯ ಒಬ್ಬಳು ಹುಡುಗಿ, ಒಳ್ಳೆಯವಳು, ತಾಳ್ಮೆಗೆ ಹೆಸರಿಡುವ ಹಾಗಿಲ್ಲ. ಚಿತ್ರ ಇರುವ ಕಾರ್ಡು ಒಂದೊಂದೇ ತೋರಿಸಿ ಇದೆಂತ ಅಂತ ಮಲಯಾಳದಲ್ಲಿ ಕೇಳುದು, ಅಪ್ಪ ಅವಳ ಮುಖ ನೋಡುದು, ಮತ್ತೆ ನನ್ನ ಮುಖ ನೋಡುದು. ಕಾರ್ಡಿನಲ್ಲಿ ಆಪಲ್, ಬ್ರೆಡ್, ಟೆಲಿಫೋನು, ಛತ್ರಿ. ಹನ್ನೊಂದನೇ ದಿನ ಬಲಗೈ ಹಿಡಿದು ಎತ್ತುವಾಗ ಸ್ವಲ್ಪ ಜೋರು ನೋವಾಯ್ತು ಕಾಣ್ತದೆ, ಅಪ್ಪನ ಬಾಯಿಂದ ಸ್ಪಷ್ಟವಾಗಿ, ಅಕ್ಷರ ಅಕ್ಷರ ಬಿಡಿಸಿ, ಒಂದು ತುಳು ಬೈಗುಳ ಬಂತು. ಇಲ್ಲಿ ಬರೆಯುವಂಥದ್ದಲ್ಲ. ನಾನೂ ಅಮ್ಮನೂ ಅಳುದಾ ನಗುದಾ ಗೊತ್ತಾಗದೆ ಒಬ್ಬರನ್ನೊಬ್ಬರು ನೋಡಿದ್ವಿ. ಸಂಜೆ ಫೈಲ್ ನೋಡಿದ್ರೆ ಆ ದಿನದ ಕಾಲಮಿನಲ್ಲಿ ಬರೆದದ್ದು ಇಷ್ಟೇ, ಮಾತು ಇಲ್ಲ, ಅರ್ಥವಿಲ್ಲದ ಶಬ್ದ ಮಾತ್ರ. ಅವಳ ತಪ್ಪಲ್ಲ, ಅವಳಿಗೆ ತುಳು ಬರುದಿಲ್ಲ. ಆದ್ರೆ ಆ ಒಂದು ಸಾಲು ಮುಂದೆ ಮೂರು ತಿಂಗಳು ಎಲ್ಲಿ ಹೋದ್ರೂ ನಮ್ಮ ಜೊತೆಗೇ ಬಂತು.

ಆಮೇಲೆ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಓದ್ತಾ ಹೋದೆ. 1861ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಬ್ರೋಕಾ ಅನ್ನುವ ಡಾಕ್ಟರ್, ಮಾತು ಹೋದ ಒಬ್ಬ ಪೇಶೆಂಟಿನ ಮೆದುಳನ್ನು ಅವನು ತೀರಿಹೋದ ಮೇಲೆ ನೋಡಿ, ಮಾತಿನ ಜಾಗ ಎಡಬದಿಯ ಮುಂದೆ ಉಂಟು ಅಂತ ತೋರಿಸಿದ್ದು. ಆ ಮನುಷ್ಯ ಎಂತ ಕೇಳಿದ್ರೂ "ತಾನ್, ತಾನ್" ಅಂತ ಮಾತ್ರ ಹೇಳ್ತಿದ್ದನಂತೆ, ಆದ್ರೆ ಸಿಟ್ಟು ಬಂದಾಗ ಮಾತ್ರ ಒಂದು ಫ್ರೆಂಚ್ ಬೈಗುಳ ಪೂರ್ತಿ ಬರ್ತಿತ್ತಂತೆ. ಬೈಗುಳ, ಒಂದು ಎರಡು ಮೂರು ಎಣಿಸುದು, ಪ್ರಾರ್ಥನೆ, ಹಾಡು, ಇದೆಲ್ಲ ಬೇರೆ ದಾರಿಯಲ್ಲಿ ಬರ್ತದೆ, ಮಾತು ಹೋದವರಲ್ಲೂ ಎಷ್ಟೋ ಸಲ ಉಳಿದಿರ್ತದೆ. ನೂರ ಅರುವತ್ತು ವರ್ಷಕ್ಕಿಂತ ಹಳೆಯ ಸಂಗತಿ. ಬ್ರೋಕಾ ತನ್ನ ಪೇಶೆಂಟಿನ ಬೈಗುಳವನ್ನು ಬರೆದಿಟ್ಟುಕೊಂಡ, ಯಾಕೆಂದ್ರೆ ಅವನಿಗೆ ಅದು ಅರ್ಥ ಆಯ್ತು.

ನಾವು ಸುಮ್ಮನೆ ಕೂತವರಲ್ಲ. ನನ್ನ ಹತ್ರ ಕಲರ್ ಪ್ರಿಂಟರ್ ಉಂಟು, ಲ್ಯಾಮಿನೇಶನ್ ಮಿಷನ್ ಉಂಟು. ಆಪಲ್ಲಿನ ಬದಲು ನಮ್ಮದೇ ಕಾರ್ಡು ಮಾಡಿದೆ: ಗಂಜಿ ಬಟ್ಟಲು, ಕವಳದ ಹರಿವಾಣ, ಅಡಿಕೆ ಹಾಳೆಯ ಮುಟ್ಟಾಳೆ, ನಮ್ಮ ಕೆಂಪು ದನ, ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಅಡಿಕೆ, ಬಾವಿ, ನನ್ನ ಅಕ್ಕನ ಮಗಳು. ಎಲ್ಲ ನಮ್ಮ ಮನೆಯಲ್ಲೇ ತೆಗೆದ ಫೋಟೋ. ಕನ್ನಡದಲ್ಲಿ ಕೇಳಿದಾಗ ಮೊದಲನೇ ದಿನವೇ ಹನ್ನೆರಡರಲ್ಲಿ ಹತ್ತು ಕಾರ್ಡು ಸರಿಯಾಗಿ ಮುಟ್ಟಿ ತೋರಿಸಿದ್ರು. ಹೇಳ್ಲಿಕ್ಕೆ ಆಗ್ಲಿಲ್ಲ, ಆದ್ರೆ ಅರ್ಥ ಆಗ್ತಿತ್ತು. ಫೈಲಿನ ಆ ಸಾಲು ಓದಿ ಅಪ್ಪನಿಗೆ ಅರ್ಥ ಆಗುದಿಲ್ಲ ಅಂತ ತಿಳ್ಕೊಂಡದ್ದು ಸುಳ್ಳು ಅಂತ ಗೊತ್ತಾದದ್ದು ಹಾಗೆ.

ಈಗ ಮಿಷನಿನ ವಿಷಯ. ನಾನು ಮಿಷನ್ ವಿರೋಧಿ ಅಲ್ಲ, ಮಿಷನಿನಲ್ಲೇ ಬದುಕುವವ. ಗಡಿಯಾಚೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೈಗೆ ರೋಬೋಟ್ ಬಂದಿದೆ ಅಂತ ಕೇಳಿ, ಜೀಪು ಬಾಡಿಗೆಗೆ ಮಾಡಿ ವಾರಕ್ಕೆ ಮೂರು ದಿನ ಹೋದ್ವಿ. ಕೈಯನ್ನು ಒಂದು ತೊಟ್ಟಿಲಿನ ಹಾಗೆ ಇರುದರಲ್ಲಿ ಕಟ್ಟಿ ಎದುರಿಗೆ ಟಿವಿ ಇಡ್ತಾರೆ, ಕೈ ಆಚೆ ಈಚೆ ಹೋದ ಹಾಗೆ ಪರದೆಯಲ್ಲಿ ಬಲೂನು ಒಡಿತದೆ. ಇದರ ಹಿಂದಿನ ಲೆಕ್ಕಾಚಾರ ಸರಿಯಾದ್ದೇ. ಒಂದು ದಾರಿ ಮುಚ್ಚಿದ್ರೆ ಮೆದುಳು ಇನ್ನೊಂದು ದಾರಿ ಮಾಡಿಕೊಳ್ತದೆ, ಆದ್ರೆ ಒಂದೇ ಕೆಲಸವನ್ನು ನೂರಾರು ಸಲ ಮಾಡ್ಬೇಕು. ಅಮೆರಿಕ ಮತ್ತು ಕೆನಡಾದಲ್ಲಿ ಫಿಸಿಯೋ ಸೆಷನ್ನುಗಳಲ್ಲಿ ಕೂತು ಎಣಿಸಿ 2009ರಲ್ಲಿ ಬರೆದದ್ದುಂಟು, ಕೈಯಿಂದ ಕೆಲಸ ಮಾಡುವ ಅಭ್ಯಾಸ ಒಂದು ಸೆಷನ್ನಿಗೆ ಸರಾಸರಿ 32 ಸಲ ಮಾತ್ರ. ಮಿಷನಿಗೆ ಬೊಬ್ಬೆ ಇಲ್ಲ, ಬಚ್ಚುದೂ ಇಲ್ಲ, ಎಷ್ಟು ಸಲ ಬೇಕಾದ್ರೂ ಮಾಡಿಸ್ತದೆ.

ಆದ್ರೆ ಆ ಮಿಷನ್ ಮಾತಾಡುದು ಇಂಗ್ಲಿಷಿನಲ್ಲಿ. ಮಾತು ಹೋದ ಎಪ್ಪತ್ತರ ಹತ್ತಿರದ ಅಡಿಕೆ ಕೃಷಿಕನಿಗೆ ಒಂದು ಹೆಂಗಸಿನ ಸ್ವರ ಇಂಗ್ಲಿಷಿನಲ್ಲಿ ಗುರಿ ಮುಟ್ಟಿ ಅಂತ ಹೇಳಿದ್ರೆ ಅವರು ಟಿವಿಗೆ ಕೈಮುಗಿಯುದೊಂದು ಬಾಕಿ. ನಾನು ಪಕ್ಕದಲ್ಲಿ ನಿಂತು ಅನುವಾದ ಮಾಡ್ತಿದ್ದೆ. ನಾಲ್ಕನೇ ವಾರ ಹೋದ್ರೆ ಮಿಷನಿನ ಮೇಲೆ ಹಸಿರು ಬೆಡ್‌ಶೀಟ್ ಹೊದೆಸಿ ಇಟ್ಟಿದ್ದಾರೆ, ಯಾವುದೋ ಪಾರ್ಟ್ ಹೋಗಿದೆ, ಕಂಪೆನಿಯವರು ಬರಬೇಕು. ಮೂರು ವಾರ ಬರ್ಲಿಲ್ಲ. ಅಷ್ಟರಲ್ಲಿ ಅಪ್ಪನ ದುಡ್ಡೂ ನನ್ನ ದುಡ್ಡೂ ಮುಗಿದಿತ್ತು.

ದುಡ್ಡು ಹೋದ ಸಂಕಟಕ್ಕೆ ಹೇಳುದಲ್ಲ, ಬ್ರಿಟನ್ನಿನಲ್ಲಿ 770 ಜನ ಸ್ಟ್ರೋಕ್ ಆದವರ ಮೇಲೆ ನಡೆದ ದೊಡ್ಡ ಪರೀಕ್ಷೆ ಒಂದುಂಟು, ರಾಟಲ್ಸ್ ಅಂತ, 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರೋಬೋಟಿನಲ್ಲಿ ಕೈಗೆ ಅಭ್ಯಾಸ ಕೊಟ್ಟವರಿಗೂ ಮಾಮೂಲಿ ಚಿಕಿತ್ಸೆ ಸಿಕ್ಕವರಿಗೂ ಕೈ ಕೆಲಸಕ್ಕೆ ಬರುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣ್ಲಿಲ್ಲ. ನಡಿಗೆಯ ಮಿಷನಿನ ಕತೆ ಬೇರೆ, ಫಿಸಿಯೋ ಜೊತೆ ಸೇರಿಸಿ ಮೊದಲ ಮೂರು ತಿಂಗಳೊಳಗೆ ಕೊಟ್ಟರೆ, ಅದ್ರಲ್ಲೂ ನಡೀಲಿಕ್ಕೇ ಆಗದವರಿಗೆ, ಸ್ವಂತವಾಗಿ ನಡೆಯುವ ಸಾಧ್ಯತೆ ಜಾಸ್ತಿ ಆಗ್ತದೆ ಅಂತ ಕಂಡುಬಂದಿದೆ. ಅಂದ್ರೆ ಯಾವ ಮಿಷನ್, ಯಾರಿಗೆ, ಯಾವಾಗ, ಪಕ್ಕದಲ್ಲಿ ಯಾರು ನಿಲ್ಲುದು, ಇಷ್ಟನ್ನು ಕೇಳಿ ಆಮೇಲೆ ರಿಬ್ಬನ್ ಕತ್ತರಿಸಬೇಕು ಸ್ವಾಮಿ. ಉದ್ಘಾಟನೆಯ ಫೋಟೋ ಪೇಪರಿನಲ್ಲಿ ಬರ್ತದೆ, ಹಸಿರು ಬೆಡ್‌ಶೀಟಿನ ಫೋಟೋ ಬರುದಿಲ್ಲ.

ಅಪ್ಪನ ಕೈಗೆ ಕೊನೆಗೆ ಸ್ವಲ್ಪ ಜೀವ ಬಂದದ್ದು ಎಂತದರಿಂದ ಹೇಳ್ತೇನೆ. ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್, ಅಂದ್ರೆ ಹಾಸಿಗೆ ಹಿಡಿದವರ ಆರೈಕೆಯ ನರ್ಸ್, ತಿಂಗಳಿಗೊಮ್ಮೆ ಮನೆಗೆ ಬರ್ತಾರೆ, ಒಂದು ಸಲ ಅವರ ಜೊತೆ ಒಬ್ಬರು ಫಿಸಿಯೋ ಬಂದಿದ್ರು. ಬಲಗೈಯ ಮಣಿಕಟ್ಟು, ಬೆರಳು ಸ್ವಲ್ಪ ಮೇಲೆತ್ತಲಿಕ್ಕೆ ಆಗುದನ್ನು ನೋಡಿ, ಒಳ್ಳೆಯ ಕೈಗೆ ಕಾಲುಚೀಲ ಹಾಕಿ ಕಟ್ಟಿ, ಬಲಗೈಯಲ್ಲೇ ಕೆಲಸ ಮಾಡಿಸಿ ಅಂದ್ರು. ಇದಕ್ಕೂ ದೊಡ್ಡ ಸಂಶೋಧನೆಯೇ ಉಂಟು, 2006ರಲ್ಲಿ ಅಮೆರಿಕದಲ್ಲಿ 222 ಜನರ ಮೇಲೆ ಮಾಡಿ ಉಪಯೋಗ ಉಂಟು ಅಂತ ತೋರಿಸಿದ್ದಾರೆ. ಕೆಲಸ ಅಂದ್ರೆ ಎಂತ ಮಾಡಿಸುದು ಅಂತ ಅವರು ಸುತ್ತ ನೋಡಿದ್ರು, ಅಂಗಳದಲ್ಲಿ ಅಡಿಕೆ ಇತ್ತು. ಸುಲಿಯುದು ಬೇಡ, ಕತ್ತಿ ಅಪಾಯ, ಹೆಕ್ಕುದು ಮಾತ್ರ. ಕಮ್ಮಿ ದರ್ಜೆಯ ಅಡಿಕೆಯಲ್ಲಿ ಪಟೋರ ಒಂದು ಬುಟ್ಟಿಗೆ, ಕರಿಗೋಟು ಒಂದಕ್ಕೆ, ಒಳ್ಳೆದು ಒಂದಕ್ಕೆ. ಮೊದಲ ದಿನ ಅರ್ಧ ಗಂಟೆಗೆ ಒಂಬತ್ತು ಅಡಿಕೆ. ಆದ್ರೆ ಒಂದೂ ತಪ್ಪು ಬುಟ್ಟಿಗೆ ಬೀಳ್ಲಿಲ್ಲ, ನಾನು ಬೇಕೆಂತಲೇ ಒಂದು ಪಟೋರವನ್ನು ಒಳ್ಳೆದಕ್ಕೆ ಹಾಕಿದ್ರೆ ಎಡಗೈಯ ಕಾಲುಚೀಲದಲ್ಲೇ ನನಗೆ ಒಂದು ಕೊಟ್ರು.

ಹಾಗಾದ್ರೆ ಮನೆಯವರೇ ಕಲಿತು ಮಾಡ್ಲಿ, ಸರ್ಕಾರಕ್ಕೆ ಖರ್ಚು ಉಳೀತು ಅಂತ ದಯವಿಟ್ಟು ಓದ್ಬೇಡಿ. ಆ ದಾರಿಯನ್ನೂ ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿ ಆಗಿದೆ. ಅಟೆಂಡ್ ಅಂತ ಅದರ ಹೆಸರು, ಭಾರತದ 14 ಆಸ್ಪತ್ರೆ, 1250 ಪೇಶೆಂಟು, 2017ರಲ್ಲಿ ಪ್ರಕಟ ಆಯ್ತು. ಮನೆಯವರಿಗೆ ತರಬೇತಿ ಕೊಟ್ಟು ಕಳಿಸಿದ್ರು, ಆರು ತಿಂಗಳು ಕಳೆದು ನೋಡಿದ್ರೆ ಸಾವಿನಲ್ಲೂ ಪರಾವಲಂಬನೆಯಲ್ಲೂ ವ್ಯತ್ಯಾಸ ಇರ್ಲಿಲ್ಲ. ನನಗೆ ಆಶ್ಚರ್ಯ ಆಗ್ಲಿಲ್ಲ. ಬೆಳಿಗ್ಗೆ ಹಾಲು ಕರೆದು, ಅಡಿಗೆ ಮಾಡಿ, ಗಂಡನನ್ನು ಬಚ್ಚಲಿಗೆ ಕೊಂಡುಹೋಗಿ ಬರುವ ಅರುವತ್ತೆರಡರ ಹೆಂಗಸು ಮಧ್ಯಾಹ್ನ ಥೆರಪಿಸ್ಟ್ ಆಗ್ಬೇಕು ಅಂದ್ರೆ ಎಲ್ಲಿಂದ ಆಗ್ತದೆ? ಅಮ್ಮನ ಸೊಂಟಕ್ಕೇ ಈಗ ಫಿಸಿಯೋ ಬೇಕಾಗಿದೆ.

ಇನ್ನು ನಿಮ್ಮವರು ಒಬ್ಬರಿಗೊಬ್ಬರು ಮಾತಾಡದ ವಿಷಯ. ಅಪ್ಪನಿಗೆ ಮಾತಿಲ್ಲ ಅಂತ ನಾವು ಅಳುದು, ಆದ್ರೆ ಅಪ್ಪನನ್ನು ನೋಡುವ ಏಳು ಜನರ ನಡುವೆಯೂ ಮಾತಿಲ್ಲ. ಒಬ್ಬರು ರಬ್ಬರ್ ಬಾಲ್ ಕೊಟ್ಟು ದಿನಾ ಹಿಸುಕಿ ಅಂದ್ರು, ಇನ್ನೊಬ್ಬರು ನೋಡಿ ಅಯ್ಯೋ, ಬೆರಳು ಬಿಗಿಯಾಗಿದೆ, ಹಿಸುಕ್ಬೇಡಿ, ಇನ್ನೂ ಮಡಚ್ತದೆ ಅಂದ್ರು. ಮಂಗಳೂರಿನ ಸ್ಕ್ಯಾನಿನ ಸಿಡಿ ಇಲ್ಲಿ ಓಪನ್ ಆಗುದಿಲ್ಲ, ಇನ್ನೊಂದು ಮಾಡಿಸಿ. ನನ್ನ ಅಂಗಡಿಯಲ್ಲೇ ಎಷ್ಟು ಜನರಿಗೆ ಆಭಾ ಅನ್ನುವ 14 ಅಂಕೆಯ ಆರೋಗ್ಯ ಖಾತೆ ನಂಬರ್ ಮಾಡಿಕೊಟ್ಟಿದ್ದೇನೆ, ದೇಶದಲ್ಲಿ ಎಲ್ಲಿ ಹೋದ್ರೂ ದಾಖಲೆ ಜೊತೆಗೇ ಬರ್ತದೆ ಅಂತ ನಾನೇ ಭಾಷಣ ಬಿಗಿದದ್ದು, ಅಪ್ಪನ ಆ ನಂಬರನ್ನು ಗಡಿಯ ಈಚೆಯವರೂ ಕೇಳ್ಲಿಲ್ಲ, ಆಚೆಯವರೂ ಕೇಳ್ಲಿಲ್ಲ.

ಕೊನೆಗೆ ಅಡಿಕೆ ಮಾರಿದ ಲೆಕ್ಕ ಬರೆಯುವ ಉದ್ದ ಪುಸ್ತಕ ಒಂದು ಹೊಸತ್ತು ತಂದೆ. ಯಾರೇ ನೋಡಿದ್ರೂ ಎಂತ ಮಾಡಿದ್ರಿ, ಮುಂದೆ ಎಂತ ಮಾಡ್ಬೇಕು, ಎಂತ ಮಾಡ್ಬಾರದು ಅಂತ ಇದ್ರಲ್ಲಿ ಎರಡು ಸಾಲು ಬರೀರಿ ಅಂತ ಕೈಮುಗಿದು ಕೇಳಿದೆ. ಒಬ್ಬರು ಡಾಕ್ಟರ್ ಇದೆಂತ ರೇಶನ್ ಕಾರ್ಡಾ ಅಂತ ತಮಾಷೆ ಮಾಡಿದ್ರು, ಆದ್ರೂ ಬರೆದ್ರು. ಆರು ತಿಂಗಳಲ್ಲಿ ಪುಸ್ತಕ ಅರ್ಧ ತುಂಬಿತು, ಅದ್ರಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್, ಮತ್ತೆ ಯಾರಿಗೂ ಓದ್ಲಿಕ್ಕಾಗದ ಡಾಕ್ಟರ ಅಕ್ಷರ. ಬಾಲಿನ ಜಗಳ ಅದ್ರಲ್ಲೇ ಮುಗೀತು, ಎರಡನೇಯವರು ಬರೆದದ್ದನ್ನು ಮೊದಲನೇಯವರು ಓದಿ ಹೌದು ಸರಿ, ನಾನು ನೋಡುವಾಗ ಇಷ್ಟು ಬಿಗಿ ಇರ್ಲಿಲ್ಲ ಅಂತ ಕೆಳಗೆ ಬರೆದ್ರು. ನೀವು ಸಮ್ಮೇಳನಗಳಲ್ಲಿ ಸಹಯೋಗ ಅಂತ ದೊಡ್ಡ ಬ್ಯಾನರ್ ಹಾಕ್ತೀರಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಖರ್ಚಾದದ್ದು ಒಂದು ಉದ್ದ ಪುಸ್ತಕ, ಒಂದು ಪೆನ್ನು.

ಈ ದೇಶದಲ್ಲಿ ಕೂಡಿ ಮಾಡ್ಲಿಕ್ಕೆ ಬರುದಿಲ್ಲ ಅಂತಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರೂ ಮದ್ರಾಸ್ ಐಐಟಿಯವರೂ ಸೇರಿ ಕೈಯ ಅಭ್ಯಾಸಕ್ಕೆ ಪ್ಲೂಟೊ ಅಂತ ಮೇಜಿನ ಮೇಲೆ ಇಡುವಷ್ಟು ಸಣ್ಣ ರೋಬೋಟ್ ಮಾಡಿದ್ದಾರೆ. ತಿರುವನಂತಪುರದ ಜೆನ್‌ರೊಬೋಟಿಕ್ಸಿನ ಹುಡುಗರು ಮ್ಯಾನ್‌ಹೋಲಿಗೆ ಮನುಷ್ಯ ಇಳಿಯುದು ಬೇಡ ಅಂತ ರೋಬೋಟ್ ಮಾಡಿದವರು, ಅವರೇ ನಡಿಗೆ ಕಲಿಸುವ ಜಿ-ಗೈಟರ್ ಅನ್ನೂ ಮಾಡಿದ್ದಾರೆ. ನಮ್ಮಲ್ಲೇ ಮಾಡಿದ ಮಿಷನಿಗೆ ಕನ್ನಡ ಕಲಿಸುದು ಎಷ್ಟು ದೊಡ್ಡ ಕೆಲಸ? ಇಪ್ಪತ್ತು ವಾಕ್ಯ ರೆಕಾರ್ಡ್ ಮಾಡಿದ್ರೆ ಮುಗೀತು, ಬೇಕಾದ್ರೆ ನಮ್ಮ ಊರಿನ ತಾಳಮದ್ದಳೆಯ ಅರ್ಥಧಾರಿಗಳೇ ಸ್ವರ ಕೊಡ್ತಾರೆ, ಆಗ ಬಲೂನು ಒಡೆಯುದು ಸಹ ಯುದ್ಧ ಗೆದ್ದ ಹಾಗೆ ಕೇಳ್ತದೆ.

ಮಾತಿನ ಥೆರಪಿಯಲ್ಲಂತೂ ಕನ್ನಡಕ್ಕೆ ಬಡತನವೇ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ, ಆಯಿಷ್, ಉಂಟು. ಅಫೇಸಿಯಾಕ್ಕೆ ಕನ್ನಡದ್ದೇ ಟೆಸ್ಟು, ಕನ್ನಡದ್ದೇ ಥೆರಪಿ ಕೈಪಿಡಿ ಅಲ್ಲಿ ತಯಾರಾಗಿದೆ. ದೂರದಲ್ಲಿರುವವರಿಗೆ ವಿಡಿಯೋದಲ್ಲಿ ಥೆರಪಿ ಕೊಡುವ ಅಭ್ಯಾಸವೂ ಅವರಿಗುಂಟು. ತಿರುವನಂತಪುರದಲ್ಲಿ ಅಂಥದ್ದೇ ವಾಕ್ ಶ್ರವಣ ಸಂಸ್ಥೆ, ನಿಷ್, ಉಂಟು. ಆಯಿಷ್, ನಿಷ್, ಪ್ರಾಸ ಹೊಂದುವಷ್ಟು ಹತ್ತಿರ, ಆದ್ರೆ ಎರಡರ ನಡುವೆ ಸಿಕ್ಕಿಬಿದ್ದ ನಮ್ಮಂಥವರಿಗೆ ಆ ಕನ್ನಡ ಟೆಸ್ಟು ಗಡಿ ದಾಟಿ ಬರ್ಲೇ ಇಲ್ಲ.

ನಮಗೆ ಕನ್ನಡದ ಥೆರಪಿ ಸಿಕ್ಕಿದ್ದು ಹೇಗೆಂದ್ರೆ, ನಮ್ಮ ಭಜನಾ ಮಂದಿರದಿಂದ. ಅಪ್ಪ ಐವತ್ತು ವರ್ಷದಿಂದ ಶನಿವಾರ ಭಜನೆ ತಪ್ಪಿಸಿದವರಲ್ಲ. ನಾಲ್ಕು ತಿಂಗಳಾದ ಮೇಲೆ ಕುರ್ಚಿಯಲ್ಲಿ ಕೂರಿಸಿ ಕರ್ಕೊಂಡು ಹೋದ್ವಿ, ಸುಮ್ಮನೆ ಕೇಳ್ಲಿ ಅಂತ. ಎರಡನೇ ಹಾಡಿಗೆ ಅಪ್ಪನ ಬಾಯಿ ಅಲ್ಲಾಡಿತು. ಸಾಲಿಗೆ ಸಾಲು, ಅಕ್ಷರ ಬಿಡದೆ ಹಾಡಿದ್ರು. ತಾಳ ಹಾಕುವವರು ತಾಳ ನಿಲ್ಲಿಸಿ ನೋಡಿದ್ರು, ತಾಳ ನಿಂತ ಕೂಡ್ಲೇ ಅಪ್ಪನ ಮಾತೂ ನಿಂತಿತು. ನೀರು ಅಂತ ಒಂದು ಶಬ್ದ ಹೇಳ್ಲಿಕ್ಕಾಗದ ಮನುಷ್ಯ. ಆ ವಿಡಿಯೋ ನೋಡಿ ಮೈಸೂರು ಕಡೆ ಕೆಲಸ ಮಾಡುವ ಒಬ್ಬರು ಥೆರಪಿಸ್ಟ್, ಪರಿಚಯದವರ ಪರಿಚಯದವರು, ಅವರಾಗಿಯೇ ಫೋನ್ ಮಾಡಿದ್ರು. 1973ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಇದರಿಂದಲೇ ಒಂದು ಥೆರಪಿ ಹುಟ್ಟಿದ್ದಂತೆ, ದಿನಬಳಕೆಯ ಮಾತನ್ನು ರಾಗದಲ್ಲಿ ಎಳೆದು, ಎಡಗೈಯಲ್ಲಿ ತಾಳ ಹಾಕಿಕೊಂಡು ಹೇಳಿಸುದು, ಮತ್ತೆ ನಿಧಾನಕ್ಕೆ ರಾಗ ಕಮ್ಮಿ ಮಾಡ್ತಾ ಬರುದು. ಬರೀ ಭಜನೆ ಹಾಡಿಸಿದ್ರೆ ಮಾತು ಬರುದಿಲ್ಲ ಅಂತ ಅವರು ಸ್ಪಷ್ಟ ಹೇಳಿದ್ರು, ಬೇಕಾದ ಮಾತನ್ನೇ ಹಾಡು ಮಾಡ್ಬೇಕು. ಈಗ ಅಪ್ಪ ತೊಡೆ ಮೇಲೆ ಎಡಗೈ ಬಡಿದು ನೀ-ರು-ಬೇ-ಕು ಅಂತಾರೆ. ಬ-ಚ್ಚ-ಲು ಅಂತಾರೆ. ಆ ಥೆರಪಿಸ್ಟ್ ವಾರಕ್ಕೊಮ್ಮೆ ಅರ್ಧ ಗಂಟೆ ವಿಡಿಯೋದಲ್ಲಿ ಬರ್ತಾರೆ, ಅದು ಅವರ ಧರ್ಮ. ಒಂದು ಸರ್ಕಾರದ ಕೆಲಸ ಒಬ್ಬರ ಧರ್ಮದ ಮೇಲೆ ನಡೀಬಾರದು.

ನೆಂಟರು ಫಾರ್ವರ್ಡ್ ಮಾಡಿದ ಇನ್ನೊಂದು ವಿಡಿಯೋದ ಬಗ್ಗೆ ಹೇಳ್ಬೇಕು. ಸ್ಟ್ರೋಕ್ ಆಗಿ ಮಾತು ನಿಂತ ಒಬ್ಬ ಹೆಂಗಸಿನ ಮೆದುಳಿನ ಮೇಲೆ ಅಮೆರಿಕದಲ್ಲಿ ತಂತಿ ಇಟ್ಟು, ಅವರು ಹೇಳ್ಬೇಕು ಅಂದುಕೊಂಡದ್ದನ್ನು ಕಂಪ್ಯೂಟರ್ ನಿಮಿಷಕ್ಕೆ 78 ಶಬ್ದದ ವೇಗದಲ್ಲಿ ಹೇಳಿದ್ದು, 2023ರಲ್ಲಿ ಪ್ರಕಟ ಆದ ಸಂಗತಿ. ಅಪ್ಪನಿಗೂ ಇದು ಮಾಡಿಸುದಾ ಅಂತ ಕೇಳ್ತಾರೆ. ಆ ಹೆಂಗಸಿಗೆ ಶಬ್ದ ಒಳಗೆ ಇತ್ತು, ಬಾಯಿಗೆ ಮುಟ್ಟುವ ದಾರಿ ಇರ್ಲಿಲ್ಲ. ಅಪ್ಪನಿಗೆ ಶಬ್ದ ಹುಡುಕುವಲ್ಲೇ ತೊಂದರೆ, ಆ ತಂತಿ ಅಪ್ಪನಿಗೆ ಹೊಂದುದಿಲ್ಲ. ಇಷ್ಟನ್ನು ಬಿಡಿಸಿ ಹೇಳುವವರು ಯಾರೂ ಇಲ್ಲದ ಕಾರಣ ಎಷ್ಟೋ ಮನೆಯವರು ಇಲ್ಲದ ಆಸೆಗೆ ಜಾಗ ಅಡವಿಡ್ತಾರೆ. ನಮ್ಮ ಮಟ್ಟಿಗೆ ಮೊಬೈಲಿನ ವಾಯ್ಸ್ ಟೈಪಿಂಗ್ ಆದ್ರೂ ಸಾಕಿತ್ತು, ಅದು ಅಪ್ಪನ ಬೇಕು ಅನ್ನುದನ್ನು ಬೆಕ್ಕು ಅಂತ ಬರೀತದೆ. 2022ರಲ್ಲಿ ಕೇಂದ್ರ ಸರ್ಕಾರ ಭಾಷಿಣಿ ಅಂತ ಶುರು ಮಾಡಿದೆ, ದೇಶದ ಭಾಷೆಗಳನ್ನು ಕಂಪ್ಯೂಟರಿಗೆ ಕಲಿಸ್ಲಿಕ್ಕೆ. ತೊದಲುವ ಕನ್ನಡವನ್ನೂ ಅದಕ್ಕೆ ಕಲಿಸಿ. ಸ್ಯಾಂಪಲ್ ಬೇಕಾದ್ರೆ ಒಪ್ಪಿಗೆ ಬರೆಸಿಕೊಂಡು ನಮ್ಮಲ್ಲಿಗೆ ಬಂದು ರೆಕಾರ್ಡ್ ಮಾಡಿ, ಅಪ್ಪ ರೆಡಿ ಉಂಟು.

ಇದು ನಮ್ಮ ಮನೆಯೊಂದರ ವಿಷಯ ಆಗಿದ್ರೆ ನಾನು ಇಷ್ಟು ಬರೀತಿರ್ಲಿಲ್ಲ. ನಮ್ಮ ಪಕ್ಕದ ಎಣ್ಮಕಜೆ, ಪಡ್ರೆ ಕಡೆ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕತೆ ನಿಮಗೆ ಗೊತ್ತುಂಟು. ಅಲ್ಲಿಯ ಎಷ್ಟೋ ಮಕ್ಕಳಿಗೆ ನರದ ತೊಂದರೆ, ಕೈಕಾಲು ಬಿಗಿ, ಮಾತಿಲ್ಲ. ಆ ಮಕ್ಕಳು ಈಗ ಮಕ್ಕಳಲ್ಲ, ಎತ್ತುವ ಅಮ್ಮಂದಿರಿಗೆ ವಯಸ್ಸಾಗಿದೆ. ಎಂಡೋಸಲ್ಫಾನ್ ಬಾಧಿತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು, 2022ರಲ್ಲಿ ಅದೇ ಕೋರ್ಟ್ 3704 ಜನರಲ್ಲಿ ಎಂಟು ಜನರಿಗೆ ಮಾತ್ರ ಸಿಕ್ಕಿದೆ ಅಂತ ಗದರಿಸಬೇಕಾಯ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಸಮಾಜ ಸೇವಕಿ ದಯಾಬಾಯಿಯವರು ಎಂಬತ್ತು ದಾಟಿದ ಪ್ರಾಯದಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಉಪವಾಸ ಕೂತದ್ದೂ ಈ ಜಿಲ್ಲೆಯ ಚಿಕಿತ್ಸೆಗಾಗಿಯೇ. ದುಡ್ಡು ಮುಖ್ಯ, ಇಲ್ಲ ಅಂತಲ್ಲ. ಆದ್ರೆ ಆ ಮನೆಗಳಿಗೆ ವಾರಕ್ಕೊಮ್ಮೆ ಅವರ ಭಾಷೆ ಬರುವ ಒಬ್ಬ ಥೆರಪಿಸ್ಟ್ ಹೋಗುದು ಅಂದ್ರೆ ಅದು ಬೇರೆಯೇ.

ನಾನು ಕೇಳುದು ಹೆಚ್ಚೇನಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ ಗೊತ್ತುಮಾಡಿ ಮೈಸೂರಿಂದ ವಿಡಿಯೋದಲ್ಲಿ ಕನ್ನಡದ ಸ್ಪೀಚ್ ಥೆರಪಿ ನಡೆಯಲಿ, ಇಲ್ಲಿಯ ಥೆರಪಿಸ್ಟ್ ಪಕ್ಕದಲ್ಲೇ ಕೂರಲಿ, ಎರಡೂ ಸರ್ಕಾರ ಸೇರಿ ಒಂದು ಒಪ್ಪಂದ ಮಾಡಿಕೊಂಡ್ರೆ ಆಯ್ತು. ಅಲ್ಲಿವರೆಗೆ ಭಾಷೆ ಗೊತ್ತಿಲ್ಲದೆ ಟೆಸ್ಟ್ ಮಾಡಿದ್ರೆ ಯಾವ ಭಾಷೆಯಲ್ಲಿ ಟೆಸ್ಟ್ ಮಾಡಿದ್ದು ಅಂತ ರಿಪೋರ್ಟಿನಲ್ಲಿ ಬರೀಲೇಬೇಕು ಅಂತ ಒಂದು ಸುತ್ತೋಲೆ ಕಳಿಸಿ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಿಷನ್ ಕೊಳ್ಳುವಾಗ ನಡೆಸುವವನ ಸಂಬಳ, ರಿಪೇರಿ, ಕನ್ನಡ ತುಳು ಮಲಯಾಳದ ಸ್ವರ, ಮೂರೂ ಟೆಂಡರಿನಲ್ಲೇ ಇರಲಿ. ಪಾಲಿಯೇಟಿವ್ ಸಿಸ್ಟರ್ ಜೊತೆ ಫಿಸಿಯೋ ಬಂದದ್ದು ನಮ್ಮ ಅದೃಷ್ಟ, ಅದು ಡ್ಯೂಟಿ ಆಗಲಿ. ತಲಪಾಡಿ ದಾಟಿದ ಪೇಶೆಂಟಿನ ದಾಖಲೆ ಅವನ ಜೊತೆ ದಾಟಲಿ, ಆಗುದಿಲ್ಲ ಅಂತಾದ್ರೆ ಪ್ರತಿ ಮನೆಗೆ ಒಂದು ಉದ್ದ ಪುಸ್ತಕ ಆದ್ರೂ ಪ್ರಿಂಟ್ ಮಾಡಿಸಿ ಕೊಡಿ, ಪುಟದ ಡಿಸೈನ್ ನಾನೇ ಮಾಡಿಕೊಡ್ತೇನೆ, ಚಾರ್ಜ್ ಬೇಡ.

ಇಂಜಿನಿಯರುಗಳ ಹತ್ರ ಒಂದು ಮಾತು. ಲ್ಯಾಬಿನಲ್ಲಿ ಟೆಸ್ಟ್ ಮಾಡಿ ಆದ ಮೇಲೆ ಒಂದು ಸಲ ನಮ್ಮ ಕಡೆ ಬನ್ನಿ. ಮಳೆಗಾಲದಲ್ಲಿ ಬಂದ್ರೆ ಒಳ್ಳೆದು, ಕರೆಂಟು ಹೋಗುದು, ಜಾರುವ ಅಂಗಳ, ಅಂಗಳದಿಂದ ಚಾವಡಿಗೆ ಇರುವ ಮೂರು ಎತ್ತರದ ಮೆಟ್ಟಿಲು, ನೆಟ್‌ವರ್ಕ್ ಹಲಸಿನ ಮರದ ಬುಡದಲ್ಲಿ ಮಾತ್ರ ಸಿಗುದು, ಎಲ್ಲ ಒಟ್ಟಿಗೇ ನೋಡ್ಲಿಕ್ಕೆ ಸಿಗ್ತದೆ. ಶನಿವಾರ ಸಂಜೆ ಮಾತ್ರ ಬೇಡ, ಆಗ ಭಜನೆ.

ಈ ಪತ್ರವನ್ನು ಕಳಿಸುವ ಮೊದಲು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಬೈಗುಳದ ಜಾಗ ಬಂದಾಗ ನಕ್ಕರು. ಟೆಂಡರಿನ ಜಾಗಕ್ಕೆ ಬರುವಾಗ ಎಡಗೈಯಲ್ಲಿ ತೊಡೆಗೆ ಎರಡು ಬಡಿದು ಸಾ-ಕು ಅಂದ್ರು.

ಇತಿ,
ಬದಿಯಡ್ಕ ಹತ್ತಿರದ ಒಬ್ಬ ಝೆರಾಕ್ಸ್ ಅಂಗಡಿಯವ